ಕೆಂಪು ಪಟ್ಟಿ ಕಟ್ಟಿದ ವಿಮಾನ

ಹಯವದನರಿಗೆ ಕೆಂಪು ಪಟ್ಟಿಯ ಮೇಲೆ ಇದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ಮೈಸೂರಿನಿಂದ ವರ್ಗವಾಗಿ ತಿರುವನಂತಪುರಕ್ಕೆ ಬಂದ ಮೇಲೆ, ಅಲ್ಲಿನ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಯಂತ್ರದ ಭಾಗಗಳನ್ನು ಗಡಗಡ ನಡುಗಿಸಿ, ಯಾವುದು ತಡೆಯುತ್ತೆ ಯಾವುದು ಬಿರಿಯುತ್ತೆ ಅಂತ ನೋಡೋದೇ ಅವರ ಕೆಲಸ. ಅಲ್ಲೊಂದು ಪದ್ಧತಿ. ಅರ್ಧ ಬಿಗಿದ ನಟ್ಟಿರಲಿ, ಸುಮ್ಮನೆ ಸಿಕ್ಕಿಸಿಟ್ಟ ಪಿನ್ನಿರಲಿ, ಅದಕ್ಕೊಂದು ಕೆಂಪು ಪಟ್ಟಿ ಕಟ್ಟಲೇಬೇಕು. ಪಟ್ಟಿ ಇದೆ ಅಂದರೆ ಕೆಲಸ ಮುಗಿದಿಲ್ಲ, ಯಾರೂ ಚಾಲೂ ಮಾಡಕೂಡದು. ಬಾಯಿಬಿಟ್ಟು ಹೇಳೋ ಅಗತ್ಯವೇ ಇಲ್ಲ. ಇಡೀ ಸರ್ವೀಸಿನಲ್ಲಿ ಒಬ್ಬರಾದರೂ ಆ ಪಟ್ಟಿಯನ್ನು ಮೀರಿದ್ದನ್ನು ಅವರು ಕಂಡಿರಲಿಲ್ಲ. ಪುಣ್ಯಾತ್ಮರಿಗೆ ಊರೆಲ್ಲ ತನ್ನ ಲ್ಯಾಬು ಅನ್ನೋ ಭ್ರಮೆ.

ಒಬ್ಬಳೇ ಮಗಳು ನೇಹಾ. ಕೊಚ್ಚಿಯ ಅಂಬಲಮುಗಳ್‌ನ ರಿಫೈನರಿಯಲ್ಲಿ ಇಂಜಿನಿಯರು, ಪಾಲಾರಿವಟ್ಟಂನಲ್ಲಿ ಒಂದು ಬಾಡಿಗೆ ಮನೆ. ಹಳೇ ಬೈಕೊಂದನ್ನು ಕೊಂಡು, ಅದರ ಕನ್ನಡಿ ಕಿತ್ತು, ಹಿಂದಿನ ಸೀಟು ಕಿತ್ತು, ಕಾಲಿಗೆ ಅಡ್ಡ ಇರೋ ಕಂಬಿ ಕಿತ್ತು ರೇಸಿಗೆ ಇಳಿಸಿದ್ದಳು. ತಾಯಿ ಕಮಲಗೆ ಈ ಸುದ್ದಿ ಗೊತ್ತಾದ ದಿನದಿಂದ ಅನ್ನ ಇಳಿದಿರಲಿಲ್ಲ. "ರೀ, ನೀವು ಏನ್ ಮಾಡ್ತೀರೋ ಗೊತ್ತಿಲ್ಲ. ಅವಳನ್ನ ಆ ಗಾಡಿಯಿಂದ ಇಳಿಸಿ. ಇಲ್ಲದಿದ್ರೆ ನನ್ನ ಹೆಣ ನೋಡ್ತೀರಿ," ಅಂದಿದ್ದಳು. ಹಯವದನರು ಮಾತು ಕೊಟ್ಟರು. ಬೈದರೆ ಮಗಳು ಫೋನೇ ಎತ್ತಲ್ಲ. ಮುಳ್ಳನ್ನು ಮುಳ್ಳಿಂದಲೇ ತೆಗೀಬೇಕು ಅಂದುಕೊಂಡು ಅವರು ತರಿಸಿದ್ದು ಪ್ಲಾಸ್ಟಿಕ್ ವಿಮಾನದ ಒಂದು ಕಿಟ್ಟು.

ಅದು ಮಹಾಯುದ್ಧದ ಕಾಲದ ಫೈಟರ್ ವಿಮಾನದ ಪುಟ್ಟ ಮಾದರಿ. ಯುದ್ಧ ಮುಗಿದ ಮೇಲೆ ಕೆಲವರು ಇಂಥ ವಿಮಾನಗಳನ್ನು ಅಗ್ಗಕ್ಕೆ ಕೊಂಡು, ಬಂದೂಕು ಕಳಚಿ, ರೆಕ್ಕೆಯ ತುದಿ ಕತ್ತರಿಸಿ, ಪೈಲಟ್ ಕೂರೋ ಗಾಜಿನ ಗೂಡನ್ನು ತಗ್ಗಿಸಿ ರೇಸಿಗೆ ಬಿಡುತ್ತಿದ್ದರಂತೆ. ಈ ಮಾದರಿಯನ್ನೂ ಹಾಗೇ ಮಾರ್ಪಡಿಸಬೇಕು. ಒಡಲು ತಿರುವನಂತಪುರದಲ್ಲಿ ಅಪ್ಪನ ಮೇಜಿನ ಮೇಲೆ, ರೆಕ್ಕೆ ಕೊಚ್ಚಿಯಲ್ಲಿ ಮಗಳ ಮೇಜಿನ ಮೇಲೆ. ವೇಗದ ಹುಚ್ಚೆಲ್ಲ ಈ ಪ್ಲಾಸ್ಟಿಕ್ಕಿನಲ್ಲೇ ಇಳಿದುಹೋಗಲಿ ಅನ್ನೋದು ಅವರ ಲೆಕ್ಕಾಚಾರ.

ಆದದ್ದೇ ಬೇರೆ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯಿತು. ವಿಡಿಯೋ ಕಾಲಿನಲ್ಲಿ ಮಗಳು ರೆಕ್ಕೆಯ ಬಂದೂಕಿನ ತೂತುಗಳಿಗೆ ಪುಟ್ಟಿ ತುಂಬಿ ಉಜ್ಜುತ್ತಾ, "ಅಪ್ಪಾ, ನೋಡಿ, ಒಂದು ಮಾರ್ಕೂ ಕಾಣಲ್ಲ," ಅಂದರೆ ಈ ಮನುಷ್ಯ ಉಬ್ಬಿಹೋಗುತ್ತಿದ್ದರು. ರೆಕ್ಕೆಯ ತುದಿಗೆ ಅವಳು ಗರಗಸ ಇಟ್ಟಾಗ, "ಇನ್ನೂ ಸ್ವಲ್ಪ ಒಳಗೆ ಕತ್ತರಿಸು. ತೂಕ ಅನ್ನೋದು ಶತ್ರು ಮಗಳೇ," ಅಂದರು. ಮಾತು ಅಲ್ಲಿಂದ ಬೈಕಿಗೆ ಜಾರಿತು. "ಆ ಸ್ಟ್ಯಾಂಡು ಎಷ್ಟು ತೂಕ ಇದೆ? ಅದನ್ನ ಯಾಕೆ ಬಿಟ್ಟಿದೀಯ?" ಅಂತ ಕೇಳಿದವರು ಯಾರು? ಬೈಕಿನಿಂದ ಇಳಿಸುತ್ತೀನಿ ಅಂತ ಮಾತು ಕೊಟ್ಟಿದ್ದ ಈ ಮಹಾನುಭಾವರೇ! ಆಮೇಲೆ ತಮಗೇ ದಿಗಿಲಾಗಿ, ಹೆಲ್ಮೆಟ್ಟಿನೊಳಗೆ ಇಂಗ್ಲಿಷ್ ಅಕ್ಷರದಲ್ಲಿ 'ಅಪ್ಪ' ಅಂತಲೂ ಕೆಳಗೆ ತಮ್ಮ ಮೊಬೈಲ್ ನಂಬರೂ ಬರೆದ ಚೀಟಿ ಅಂಟಿಸಿಕೋ ಅಂತ ಹಟ ಹಿಡಿದರು. ನೇಹಾ ನಗುತ್ತಲೇ ಅಂಟಿಸಿ ಫೋಟೋ ಕಳಿಸಿದಳು.

ನವರಾತ್ರಿಯ ರಜೆಗೆ ಗಂಡ ಹೆಂಡತಿ ಇಬ್ಬರೂ ರೈಲು ಹತ್ತಿ ಕೊಚ್ಚಿಗೆ ಬಂದರು. ವಿಮಾನದ ಒಡಲಿದ್ದ ಡಬ್ಬಿಯನ್ನು ಹಯವದನರು ಬಾಣಂತಿ ಮಗುವನ್ನು ಹಿಡಿದ ಹಾಗೆ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಸಂಜೆ ಅಪ್ಪ ಮಗಳು ಕೂತು ಒಡಲಿಗೆ ರೆಕ್ಕೆ ಕೂಡಿಸಿದರು. ಬಾಲದ ಅಂಚಿನಲ್ಲಿ ಅಕ್ಕಿಕಾಳಷ್ಟು ಒಂದು ತುಣುಕು ಮಾತ್ರ ಉಳಿಯಿತು. ಅದರಡಿಗೆ ಬಣ್ಣ ಬಳಿಯೋದು ಬಾಕಿ ಇದ್ದುದರಿಂದ, ಸದ್ಯಕ್ಕೆ ಒಂದು ತೊಟ್ಟು ಗೋಂದಿನಲ್ಲಿ ನಿಲ್ಲಿಸಿ, ಹಯವದನರು ಪಕ್ಕದಲ್ಲಿ ಒಂದೆಳೆ ಕೆಂಪು ದಾರ ಸುತ್ತಿದರು.

"ಕೆಲಸ ಬಾಕಿ ಅಂತ ಗುರುತು," ಅಂದರು. "ನಿಜವಾದ ವಿಮಾನದಲ್ಲಿ ಇಷ್ಟೇ ಇಷ್ಟು ತುಣುಕು ಸಡಿಲ ಆದರೂ ಬಾಲ ನಡುಗೋಕೆ ಶುರು ಆಗುತ್ತೆ. ಆಮೇಲೆ ಪೈಲಟ್‌ಗೆ ಅಯ್ಯೋ ಅನ್ನೋಕೂ ಪುರಸೊತ್ತಿರಲ್ಲ."

"ನನ್ನ ಬೈಕೂ ಹಾಗೇ ಅಪ್ಪಾ," ಅಂದಳು ನೇಹಾ, ತುಣುಕನ್ನೇ ನೋಡುತ್ತಾ. "ಜೋರಾಗಿ ಹೋದ್ರೆ ಹ್ಯಾಂಡಲ್ ಸಣ್ಣಕ್ಕೆ ನಡುಗುತ್ತೆ."

ಹಯವದನರು ಗೋಂದಿನ ಟ್ಯೂಬು ಕೆಳಗಿಟ್ಟರು. "ಏನಂದೆ? ಎಲ್ಲಿಂದ ನಡುಕ? ನಾನು ನೋಡ್ತೀನಿ."

"ಬೇಡಪ್ಪಾ. ನನ್ನ ಬೈಕು ಯಾರೂ ಮುಟ್ಟೋ ಹಾಗಿಲ್ಲ. ಚುಮ್ಮಾ ಟೆನ್ಷನ್ ಅಡಿಕ್ಕಲ್ಲೇ," ಅಂತ, ಸುಮ್ಮನೆ ತಲೆ ಕೆಡಿಸ್ಕೋಬೇಡಿ ಅನ್ನೋದನ್ನ ಮಲಯಾಳದಲ್ಲಿ ಹೇಳಿ, ನಕ್ಕು ಮಾತು ಮುಗಿಸಿದಳು. ಅವರಿಗೆ ಆ ನಗು ಹಿಡಿಸಲಿಲ್ಲ.

ಮರುದಿನ ಆಯುಧಪೂಜೆ. ನೇಹಾ ಬಾಳೆಲೆ ತರೋಕೆ ಜಂಕ್ಷನ್‌ಗೆ ನಡೆದುಕೊಂಡು ಹೋಗಿದ್ದೇ ತಡ, ಹಯವದನರು ಸ್ಪ್ಯಾನರ್ ಹಿಡಿದು ಕೆಳಗೆ ಪೋರ್ಚಿಗೆ ಇಳಿದರು. ಬೈಕಿನ ಮುಂದಿನ ಚಕ್ರ ಬಿಚ್ಚಿದರು. ಅಂದುಕೊಂಡ ಹಾಗೇ ಬೇರಿಂಗಿನಲ್ಲಿ ಗ್ರೀಸೇ ಇರಲಿಲ್ಲ. ಒರೆಸಿ, ಗ್ರೀಸು ತುಂಬಿ, ಚಕ್ರ ಕೂಡಿಸಿ, ನಟ್ಟನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಕಮಲ ಬಂದು ನೆಲದ ಮೇಲಿದ್ದ ಸ್ಪ್ಯಾನರ್ ಎತ್ತಿಕೊಂಡಳು.

"ಏ, ಕೊಡೇ ಇಲ್ಲಿ, ಇನ್ನೂ ಬಿಗಿ ಮಾಡಿಲ್ಲ."

"ಬಿಗಿಯೂ ಇಲ್ಲ ಗಿಗಿಯೂ ಇಲ್ಲ. ರಾಹುಕಾಲ ಬರುತ್ತೆ. ಆಯುಧ ಎಲ್ಲ ಪೂಜೆಗೆ ಇಟ್ಟಾಯ್ತು ಅಂದ್ರೆ ನಾಳೆ ಮಂಗಳಾರತಿ ತನಕ ಯಾರೂ ಮುಟ್ಟೋ ಹಾಗಿಲ್ಲ. ಕೈ ನೋಡಿ, ಮಸಿ! ಹೋಗಿ, ಇನ್ನೊಂದು ಸಲ ಸ್ನಾನ ಮಾಡಿ ಬನ್ನಿ."

ಜಗಳಕ್ಕೆ ನಿಂತಿದ್ದರೆ ಸ್ಪ್ಯಾನರ್ ಸಿಗುತ್ತಿತ್ತು. ಆದರೆ ಹಬ್ಬದ ದಿನ ಹೆಂಡತಿಯ ಹತ್ತಿರ ಯಾರು ಮಾತು ಬೆಳೆಸುತ್ತಾರೆ? ಅಲ್ಲದೆ, ಬೈಕು ಮುಟ್ಟಿದ್ದು ನೇಹಾಗೆ ಗೊತ್ತಾದರೆ ಇವತ್ತೇ ರಂಪ. ನಾಳೆ ಮಂಗಳಾರತಿ ಆದ ಮೇಲೆ ಬಿಗಿದರಾಯಿತು. ಅಲಂಕಾರಕ್ಕೆ ಅಂತ ಕಮಲ ತಂದಿಟ್ಟಿದ್ದ ಕೆಂಪು ರಿಬ್ಬನ್ನಿನ ಸುರುಳಿ ಮೆಟ್ಟಿಲ ಮೇಲಿತ್ತು. ಗೇಣುದ್ದ ಹರಿದು ನಟ್ಟಿನ ಪಕ್ಕ ಗಂಟು ಹಾಕಿದರು. ನೇಹಾಗೆ ನಿನ್ನೆ ತಾನೇ ಹೇಳಿಕೊಟ್ಟಿದ್ದೀನಲ್ಲ, ನೋಡಿದ ತಕ್ಷಣ ತಿಳ್ಕೋತಾಳೆ. ಹೀಗಂದುಕೊಂಡು, ನಿಶ್ಚಿಂತೆಯಾಗಿ ಸ್ನಾನಕ್ಕೆ ಹೋದರು. ನಿಶ್ಚಿಂತೆಯಾಗಿ ನೋಡಿ!

ಗ್ರೀಸಿನ ಮಸಿ ಬಿಡಿಸೋಕೇ ಅರ್ಧ ಗಂಟೆ ಹಿಡಿಯಿತು. ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಕೆಳಗೆ ಗಂಟೆ ಬಾರಿಸಿದ್ದು ಕೇಳಿಸಿತು. ಹಿಂದೆಯೇ ಬೈಕು ಶುರುವಾದ ಸದ್ದು. ಮೊದಲು ಅವರಿಗೆ ಅದು ಪಕ್ಕದ ಮನೆಯದು ಅನ್ನಿಸಿತು. ಆಮೇಲೆ ಆ ಸದ್ದು, ಸೈಲೆನ್ಸರ್ ಕತ್ತರಿಸಿದ ಒರಟು ಸದ್ದು, ಬೇರೆ ಯಾವ ಗಾಡಿಯದೂ ಆಗಿರಲಾರದು ಅಂತ ಹೊಳೆಯಿತು. ಒದ್ದೆ ಮೈಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲು ಇಳಿಯುವಷ್ಟರಲ್ಲಿ ಪೋರ್ಚು ಖಾಲಿ. ನೆಲದ ಮೇಲೆ ಅಪ್ಪಚ್ಚಿಯಾದ ಎರಡು ನಿಂಬೆಹಣ್ಣು ಬಿದ್ದಿದ್ದವು.

ಕಮಲ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು.

"ಎಲ್ಲಿ ಅವಳು?"

"ಮಣೆ ಮೇಲಿಟ್ಟಿದ್ದು ಮುಟ್ಟಬಾರದು, ಆದ್ರೆ ಗಾಡಿ ಪೂಜೆ ಆದ ಮೇಲೆ ಒಂದು ಸುತ್ತು ಹೋಗಿ ಬರಬೇಕಲ್ವಾ? ನಾನೇ ಕಳಿಸಿದೆ. ಓಡಿಸೋದು ಬಿಡಲ್ಲ ಅಂತಾಳೆ, ಕಾಯೋಕೆ ದೇವರಾದ್ರೂ ಇರಲಿ ಅಂತ ದೃಷ್ಟಿ ತೆಗೆದು ಕಳಿಸಿದೆ ಕಣ್ರೀ."

"ಕೆಂಪು ಪಟ್ಟಿ ಕಟ್ಟಿದ್ನಲ್ಲೇ! ಚಕ್ರಕ್ಕೆ! ಅವಳು ನೋಡ್ಲಿಲ್ವಾ?"

"ಯಾವುದು, ಆ ರಿಬ್ಬನ್ನಾ? ಚೆನ್ನಾಗಿತ್ತು. ಅದನ್ನ ನೋಡೇ ನನಗೂ ಹೊಳೀತು. ಹ್ಯಾಂಡಲ್‌ಗೆ, ಟ್ಯಾಂಕಿಗೆ, ಎರಡೂ ಚಕ್ರಕ್ಕೆ, ಎಲ್ಲ ಕಡೆ ಅದೇ ಥರ ಕಟ್ಟಿದೆ. ನೇಹಾ ನಗ್ತಾ ಇದ್ಲು, ಅಪ್ಪನೂ ನಿನ್ ಜೊತೆ ಸೇರ್ಕೊಂಡ್ರಾ ಅಂತ."

ಹಯವದನರು ಎರಡೆರಡೇ ಮೆಟ್ಟಿಲು ಹತ್ತಿ, ಶರಟಿನ ಜೇಬಿನಿಂದ ಮೊಬೈಲ್ ತೆಗೆದು ಮಗಳ ನಂಬರು ಒತ್ತಿದರು.

ಗುಂಯ್ ಗುಂಯ್ ಅನ್ನೋ ಸದ್ದು ಮನೆಯೊಳಗಿಂದಲೇ ಬಂತು. ದೇವರ ಮುಂದಿನ ಮಣೆಯ ಮೇಲೆ ಸ್ಪ್ಯಾನರ್, ಕತ್ತರಿ, ವಿಮಾನದ ಗರಗಸ, ಇಕ್ಕಳ ಸಾಲಾಗಿದ್ದವು. ಅವುಗಳ ನಡುವೆ ಕುಂಕುಮ ಹಚ್ಚಿಸಿಕೊಂಡ ನೇಹಾಳ ಫೋನು ನಡುಗುತ್ತಿತ್ತು.

ಹಿಂದೆಯೇ ಬಂದ ಕಮಲ, "ಅವಳ ಆಯುಧ ಅಂದ್ರೆ ಅದೇ ತಾನೇ, ಅದಕ್ಕೇ ಇಸ್ಕೊಂಡು ಇಟ್ಟೆ," ಅಂದಳು. ಗಂಡನ ಮುಖ ನೋಡಿ ಅವಳ ದನಿ ಸಣ್ಣದಾಯಿತು. "ಯಾಕ್ರೀ? ಏನಾಯ್ತು?"

ಮಣೆಯ ಕೊನೆಯಲ್ಲಿ ವಿಮಾನವೂ ಇತ್ತು. ಫೋನಿನ ನಡುಕಕ್ಕೆ ಮಣೆಯೆಲ್ಲ ಅದುರುತ್ತಿತ್ತು. ಹಯವದನರು ನೋಡುತ್ತಿದ್ದಂತೆಯೇ ಬಾಲದ ಆ ತುಣುಕು ಗೋಂದು ಬಿಟ್ಟು ಅಕ್ಷತೆಯ ಮೇಲೆ ಬಿತ್ತು. ದಾರ ಮಾತ್ರ ಹಾಗೇ ಇತ್ತು.

ಅವರು ಮಣೆಗೆ ಕೈಹಾಕಿ ಸ್ಪ್ಯಾನರ್ ಎತ್ತಿಕೊಂಡರು. ಮುಟ್ಟಬೇಡಿ ಅಂತ ಕಮಲ ಅನ್ನಲಿಲ್ಲ. ಬಾಗಿಲ ಹತ್ತಿರ ಬರುವಷ್ಟರಲ್ಲಿ ಅವರ ಕೈಯಲ್ಲಿದ್ದ ಮೊಬೈಲ್ ಬಡಿದುಕೊಂಡಿತು. ಗುರುತಿಲ್ಲದ ನಂಬರು. ಬದುಕಿಡೀ ನಡುಕ ಅಳೆದ ಮನುಷ್ಯನಿಗೆ ತನ್ನ ಬೆರಳನ್ನು ಆ ಹಸಿರು ಗುಂಡಿಯ ಮೇಲೆ ನಿಲ್ಲಿಸೋಕೇ ಆಗಲಿಲ್ಲ.

"ಎತ್ತಿ ಅಂದ್ರೆ!" ಅಂತ ಕಮಲ ಚೀರಿ, ತಾನೇ ಒತ್ತಿದಳು.

ಆ ಕಡೆ ರಸ್ತೆಯ ಗದ್ದಲ, ಜನ ಓಡಾಡುವ ಸದ್ದು. ಯಾರೋ ಗಂಡಸು ಏದುಸಿರು ಬಿಡುತ್ತಾ, ಚೀಟಿ ನೋಡಿ ಓದುವವನ ಹಾಗೆ ತಡೆದು ತಡೆದು, ಫೋನಲ್ಲಿರೋದು ಯಾರು ಅಂತ ಮಲಯಾಳದಲ್ಲಿ ಕೇಳಿದ.

"ಹಲೋ... ಅಪ್ಪ ಆಣೋ?"