ಸೀಮೆಸುಣ್ಣ ಹಿಡಿದ ವಸ್ತಾದ

ಸಿದರಾಯ ವಸ್ತಾದರು ಯಾವ ದೊಡ್ಡ ಕೋಣೆಗೆ ಕಾಲಿಟ್ಟರೂ, ಅದು ಸಾಲೆಯ ಸಭಾಗೃಹವಿರಲಿ, ಮದುವೆಯ ಮಂಟಪವಿರಲಿ, ಬೀರೇಶ್ವರನ ಗುಡಿಯ ಪಡಸಾಲೆಯಿರಲಿ, ನಡುಮಧ್ಯಕ್ಕೆ ಬಂದೊಡನೆ ಎಡಕ್ಕೆ ಒಂದೂವರೆ ಹೆಜ್ಜೆ ಸರಿದು, ಬಲಭುಜವನ್ನು ಕೊಂಚ ಒಳಗೆಳೆದುಕೊಂಡು, ಯಾರಿಗೋ ದಾರಿ ಬಿಟ್ಟವರಂತೆ ಸುತ್ತಿ ಮುಂದೆ ಹೋಗುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಕುಸ್ತಿಯಲ್ಲಿ ಸೊಂಟಕ್ಕೆ ಪೆಟ್ಟು ಬಿದ್ದಿರಬೇಕೆಂದು ಕೆಲವರು, ಬಲಗಣ್ಣು ಮಂಜಾಗಿರಬೇಕೆಂದು ಕೆಲವರು ಅಂದುಕೊಂಡಿದ್ದರು. ನಿಲ್ಲಿಸಿ ಕೇಳಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ನಿದ್ದೆಯಲ್ಲೇ ಹೊಳೆ ದಾಟುವ ಆನೆಯಂಥ ಆ ನಡಿಗೆಯನ್ನು ತಡೆದರೆ ಅದರೊಳಗಿನ ಕನಸು ಒಡೆದೀತು ಎನಿಸುತ್ತಿತ್ತು.

ಐವತ್ತೇಳರ ದೇಹ. ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಮುದ್ದೆಗಟ್ಟಿದ ಕಿವಿಗಳು. ಏಪ್ರಿಲಿನ ಬಿಸಿಲಿಗೂ ಬಿಚ್ಚದ ಕಂದುಬಣ್ಣದ ಉಣ್ಣೆಯ ಕೋಟು, ಅದರ ಎಡಜೇಬಿನಲ್ಲಿ ಸದಾ ಒಂದು ತುಂಡು ಸೀಮೆಸುಣ್ಣ. ಮಾತು ಕಡಿಮೆ, ಆಡಿದರೂ ನಡುನಡುವೆ "ಹಗೂರ" ಎಂಬ, ಮೆಲ್ಲಗೆ ಎನ್ನುವ ಅರ್ಥದ, ಒಂದು ಪದ ಬಂದೇ ಬರುತ್ತಿತ್ತು. ಎತ್ತುವವನಿಗೆ ಹಗೂರ, ಇಳಿಸುವವನಿಗೆ ಹಗೂರ, ಬಿಸಿ ಚಹಾ ಕುಡಿಯುವವನಿಗೂ ಹಗೂರ. ಸಿಟ್ಟಿನಲ್ಲಿ ಸುತ್ತಿಗೆ ಎಸೆಯುವ ನನ್ನಂಥವನಿಗೆ ದಿನಕ್ಕೆ ಹತ್ತು ಸಲ ಹಗೂರ. ಬನಹಟ್ಟಿಯಲ್ಲಿ ಅವರು ಅಣಿಗೊಳಿಸಿದ ಜಿಮ್ಮಿಗೆ ಕಬ್ಬಿಣ ಬೆಸೆದವನು ನಾನಾದ್ದರಿಂದ ಇದಿಷ್ಟನ್ನು ಹತ್ತಿರದಿಂದ ಕಂಡಿದ್ದೇನೆ.

ಬೀಳಗಿ ಸೀಮೆಯ ಹೊಳೆದಂಡೆಯ ಊರೊಂದರ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಅವರು ಇಪ್ಪತ್ತೆರಡು ವರ್ಷ ಹುಡುಗರಿಗೆ ಕುಸ್ತಿ ಕಲಿಸಿದ್ದರು. ಆಲಮಟ್ಟಿಯ ಹಿನ್ನೀರು ಏರಿದಾಗ ಮನೆಗಳಿಗೆ ಬದಲಿ ಮನೆ ಬಂತು, ಹೊಲಗಳಿಗೆ ಪರಿಹಾರ ಬಂತು. ತಾಲೀಮು ಊರಿನದು, ಯಾರೊಬ್ಬರ ಹೆಸರಿನಲ್ಲೂ ಇರಲಿಲ್ಲವಾದ್ದರಿಂದ ಅದು ಸುಮ್ಮನೆ ನೀರಿನಡಿಗೆ ಹೋಯಿತು. ಸಿದರಾಯರು ಬನಹಟ್ಟಿಯಲ್ಲಿದ್ದ ತಮ್ಮನ ಮನೆ ಸೇರಿದರು. ಅಲ್ಲಿಂದ ಹದಿಮೂರು ವರ್ಷ, ಇನ್ನೊಬ್ಬ ಹಮಾಲನೊಂದಿಗೆ ಹೆಗಲು ಕೊಟ್ಟು, ನೂಲು ಸುತ್ತಿದ ಬೀಮುಗಳನ್ನು ಮಗ್ಗದ ಶೆಡ್ಡಿನಿಂದ ಶೆಡ್ಡಿಗೆ ಹೊತ್ತರು. ಜನ ವಸ್ತಾದ ಎಂದೇ ಕರೆಯುತ್ತಿದ್ದರು. ವಸ್ತಾದರಿಗೆ ನೆಲ ಮಾತ್ರ ಇರಲಿಲ್ಲ.

ಎರಡು ಸಾವಿರದ ಹದಿಮೂರರಲ್ಲಿ ತಮ್ಮನ ಮಗಳು ವೈಶಾಲಿ ಪುಣೆಯಿಂದ ಬಂದಳು. ವಿಜಯಪುರದಲ್ಲಿ ದೈಹಿಕ ಶಿಕ್ಷಣ ಓದಿ, ಪುಣೆಯ ಜಿಮ್ಮೊಂದರಲ್ಲಿ ಎರಡು ವರ್ಷ ದುಡಿದು, ತನ್ನೂರಲ್ಲಿ ತನ್ನದೇ ಒಂದನ್ನು ತೆರೆಯುತ್ತೇನೆಂದು ಬಂದವಳು. ಊಟಕ್ಕೆ ಕುಳಿತಾಗ, ಅಲ್ಲಿ ಜನ ಟೈರು ಮಗುಚಿ ಉರುಳಿಸುವ ಸುದ್ದಿ ಹೇಳುತ್ತಿದ್ದಳು. ಸಿದರಾಯರ ಕೈಯ ತುತ್ತು ಅರ್ಧಕ್ಕೆ ನಿಂತಿತು.

"ಟೈರ್ ಹೊಳ್ಳಸ್ಯಾಡಾಕ ಮಂದಿ ರೊಕ್ಕಾ ಕೊಡ್ತಾರ?"

"ಕೊಡ್ತಾರ ದೊಡ್ಡಪ್ಪ. ಉಸುಕಿನ ಚೀಲ ಹೊತ್ತ ನಡೀತಾರ, ಹಗ್ಗಾ ಹಿಡದ ಏರ್ತಾರ. ಅದಕ್ಕ ಫಂಕ್ಷನಲ್ ಫಿಟ್‌ನೆಸ್ ಅಂತಾರ."

"ಪುಣೇದಾಗ ಮಂದಿಗೆ ಕೆಲಸಾ ಇಲ್ಲೇನ?"

"ಐತಿ. ಕುರ್ಚಿ ಮ್ಯಾಗ ಐತಿ."

ಅವರು ತುತ್ತು ನುಂಗಿ, ನೀರು ಕುಡಿದು, "ನಮ್ಮ ಬಾಳ್ವೇಕ ಹೆಸರ ಇಟ್ಟಾರ ಅನ್ನು" ಎಂದರಂತೆ. ಮರುದಿನ ಬೀಮು ಹೊರಲು ಹೋಗಲಿಲ್ಲ, ವೈಶಾಲಿಯೊಂದಿಗೆ ಜಾಗ ಹುಡುಕಲು ಹೊರಟರು.

ಜಾಗ ಕೊಡಲು ಒಪ್ಪಿದವರು ನೂಲಿನ ವ್ಯಾಪಾರಿ ಅಣ್ಣಾಸಾಹೇಬರು. ಮಗ್ಗ ಮಾರಿ ಖಾಲಿಬಿದ್ದ ಅವರ ಶೆಡ್ಡು ಅರವತ್ತು ಅಡಿ ಉದ್ದ, ಇಪ್ಪತ್ತನಾಲ್ಕು ಅಡಿ ಅಗಲ; ನೆಲದಲ್ಲಿ ಮಗ್ಗದ ಬೋಲ್ಟುಗಳು ಕಿತ್ತ ಕುಳಿಗಳು, ಚಾವಣಿಯ ಕಬ್ಬಿಣಕ್ಕೆ ವರ್ಷಗಟ್ಟಲೆಯ ಹತ್ತಿಯ ನವಿರು. ಅವರು ಅಳಿಯನ ಊರಾದ ಕೊಲ್ಲಾಪುರದಲ್ಲಿ ಒಂದು ಜಿಮ್ಮು ನೋಡಿ ಬಂದಿದ್ದರು.

"ನೋಡ ತಂಗಿ, ಬಾಗಿಲದಾಗ ನಿಂತವ್ರು ಬೆರಗಾಗಿ ನೋಡ್ಬೇಕ. ಕನ್ನಡಿ ಇರ್ಬೇಕ, ಮಷೀನ್ ಇರ್ಬೇಕ. ಬರೇ ಚೀಲ ಇಟ್ರ ಅದು ನನ್ನ ಗೋದಾಮನ ಆತು" ಎಂದರು. ಹದಿನೈದು ದಿನ ಬಿಟ್ಟು ಸೋಮವಾರ ಬಂದು ನೋಡುವುದಾಗಿಯೂ, ಮನಸ್ಸಿಗೆ ಬರದಿದ್ದರೆ ಬೆಳಗಾವಿಯ ವ್ಯಾಪಾರಿಯ ನಕಾಶೆಯಂತೆ ಎಂಟು ಯಂತ್ರಗಳನ್ನು ಎರಡು ಸಾಲಾಗಿ ತಾವೇ ಹಾಕಿಸುವುದಾಗಿಯೂ ಹೇಳಿದರು. "ವಸ್ತಾದ್ರು ಬಾಗಲಾಗ ಸ್ಟೂಲ್ ಹಾಕ್ಕೊಂಡ ಕೀಲಿ ಕಾಯ್ಲಿ. ವಯಸ್ಸಾತು."

ಯಂತ್ರ ಬಂದರೂ ವೈಶಾಲಿಗೆ ಜಿಮ್ಮು ಆಗುತ್ತಿತ್ತು. ಸಿದರಾಯರಿಗೆ ಹದಿಮೂರು ವರ್ಷದ ಮೇಲೆ ಒಂದು ನೆಲ ಸಿಗುತ್ತದೋ, ಒಂದು ಸ್ಟೂಲು ಸಿಗುತ್ತದೋ ಎಂಬುದು ಮಾತ್ರ ಆ ಸೋಮವಾರಕ್ಕೆ ಬಿಟ್ಟಿತ್ತು.

ಶೆಡ್ಡು ಅಣಿಗೊಳಿಸುವ ಕೆಲಸವನ್ನು ವೈಶಾಲಿ ದೊಡ್ಡಪ್ಪನಿಗೇ ಒಪ್ಪಿಸಿದಳು. ಮೊದಲ ಐದು ದಿನ ಅವರು ಶೆಡ್ಡಿನ ಕಡೆ ತಲೆಯನ್ನೇ ಹಾಕಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕುಳಿತರು, ಸಂತೆಯಲ್ಲಿ ನಿಂತರು, ಕಬ್ಬು ಹೇರುವಲ್ಲಿಗೆ ಹೋದರು. ಕೊಡ ಎತ್ತುವ ಹೆಂಗಸು ಮೊದಲು ಯಾವ ಪಾದ ಊರುತ್ತಾಳೆ, ಬಸ್ಸಿನಿಂದ ಇಳಿಯುವ ಮುದುಕ ಎಲ್ಲಿ ಕೈ ಹುಡುಕುತ್ತಾನೆ, ಹದಿನಾಲ್ಕು ತಾಸು ಮಗ್ಗದ ಮುಂದೆ ನಿಂತವನ ಸೊಂಟ ಸಂಜೆಗೆ ಯಾವ ಮಗ್ಗುಲಿಗೆ ವಾಲುತ್ತದೆ ಎಂಬುದನ್ನೆಲ್ಲ, ಪುರಾಣ ಕೇಳುವವರ ತಾದಾತ್ಮ್ಯದಿಂದ, ಅರೆಗಣ್ಣಿನಲ್ಲಿ ನೋಡಿದರು. ಆಮೇಲೆ ಸಾಮಾನು ಆರಿಸಲು ಹೊರಟರು.

ಉಸುಕಿನ ಚೀಲಗಳನ್ನು ನಾಲ್ಕು ತೂಕದಲ್ಲಿ ಹೊಲಿಸಿದರು. ಯಾವುದನ್ನೂ ಬಾಯಿತನಕ ತುಂಬಗೊಡಲಿಲ್ಲ. "ತುಂಬಿದ್ದ ಚೀಲ ಸುಮ್ನ ಕುಂದ್ರತೈತಿ, ಅರ್ಧಾ ತುಂಬಿದ್ದು ಒದ್ದಾಡತೈತಿ. ಒದ್ದಾಡೂದನ್ನ ಹಿಡಿಯಾಕ ಬರಬೇಕ" ಎಂದು, ಒಂದೊಂದನ್ನೂ ಕೂಸಿನಂತೆ ಎದೆಗವಚಿಕೊಂಡು ಅಂಗಡಿಯ ಮುಂದೆ ಹತ್ತು ಹೆಜ್ಜೆ ನಡೆದು ನೋಡಿದರು. ಟ್ರ್ಯಾಕ್ಟರಿನ ಹಿಂಗಾಲಿ ಟೈರು ಎರಡು ತಂದರು. ಜೆಸಿಬಿಯದನ್ನು ಪುಕ್ಕಟೆ ಕೊಡುತ್ತೇನೆಂದವನಿಗೆ, ಅದು ಎತ್ತುವವನಿಗಿಂತ ನೋಡುವವರಿಗೆ ಚೆಂದವೆಂದು ಹೇಳಿ ಬಂದರು. ಕೆಟಲ್‌ಬೆಲ್ಲೆಂಬ ಹಿಡಿಕೆಯ ಗುಂಡನ್ನು ವೈಶಾಲಿ ಕೈಗೆ ಕೊಟ್ಟಾಗ ತೂಗಿ, ತಿರುವಿ, ಎಂದೂ ನಗದವರು ನಕ್ಕು, "ಇದನ್ನ ಮಾಡಿದಾವ ಶಾಣ್ಯಾ ಅದಾನ" ಎಂದು ಆರು ತೆಗೆದುಕೊಳ್ಳಲು ಹೇಳಿದರು.

ಜೋತುಬೀಳುವ ಕಂಬಿಗಳನ್ನು ನಾನು ವೈಶಾಲಿಯ ಮೊಬೈಲಿನಲ್ಲಿದ್ದ ಚಿತ್ರ ನೋಡಿ ಏಳೂವರೆ ಅಡಿಗೆ ಬೆಸೆದಿದ್ದೆ. ಬಂದು ನೋಡಿ, ಕತ್ತರಿಸು ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

"ಚಿತ್ರದಾಗ ಇದ್ದಂಗ ಮಾಡೇನಿ ನೋಡ್ರಿ."

"ಮಾಡೀಯಪ. ಈ ಊರಾಗ ಇದನ್ನ ಹಿಡಿಯಾವ್ರ ನಾಕ ಮಂದಿ. ಉಳದವ್ರೆಲ್ಲಾ ಅವ್ರನ್ನ ನೋಡ್ಕೋತ ನಿಲ್ಲಬೇಕೇನ?"

"ಮತ್ತ ಎಷ್ಟಕ್ಕ ಇಡ್ಲಿ?"

"ಮೂರ ನಮೂನಿ ಇಡು. ಕಡೀದು ನಿನ್ನ ಅವ್ವನ ಎದಿಮಟ್ಟ. ಹಗೂರ ಕೊಯ್ಯಿ, ಸಿಟ್ಟಿಲೆ ಕೊಯ್ದ್ರ ಸೊಟ್ಟ ಬರತೈತಿ."

ಸೊಟ್ಟ ಬಂತು. ಮತ್ತೆ ಕೊಯ್ದೆ.

ಆಮೇಲೆ ನೆಲ. ಮೂರು ದಿನ ಅವರು ಸೀಮೆಸುಣ್ಣ ಹಿಡಿದು ಮೊಣಕಾಲೂರಿ ಆ ಶೆಡ್ಡಿನಲ್ಲಿದ್ದರು. ಮೇಲಿನ ಗಾಜಿನ ಹಂಚುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು. ಗಾಳಿ ಬೀಸಿದಾಗ ಹತ್ತಿಯ ನವಿರು ಕಳಚಿ, ಆ ಬೆಳಕಿನಲ್ಲಿ, ಆಳದ ನೀರಲ್ಲಿ ಏನೋ ಇಳಿದಂತೆ ತಡೆತಡೆದು ಇಳಿಯುತ್ತಿತ್ತು. ಅದರ ಕೆಳಗೆ ಕೋಟುಧಾರಿಯಾದ ಈ ಮನುಷ್ಯ ಒಂದು ಗೆರೆ ಎಳೆದು, ಕಣ್ಣುಮುಚ್ಚಿ, ಮೂಗರಳಿಸಿ ಏನನ್ನೋ ಆಘ್ರಾಣಿಸಿ, ಇನ್ನೊಂದು ಗೆರೆ ಎಳೆಯುತ್ತಿದ್ದರು. ಅಳತೆಯ ಟೇಪು ಮುಟ್ಟಲಿಲ್ಲ. ಚೀಲ ಇಲ್ಲಿ, ಟೈರು ಅಲ್ಲಿ, ಹೆಣ್ಣುಮಕ್ಕಳ ಮೂಲೆ ಅತ್ತ. ಎಲ್ಲಕ್ಕೂ ಜಾಗ ಸಿದ್ಧವಿದ್ದಂತೆ ಕೈ ಓಡುತ್ತಿತ್ತು.

ಶುಕ್ರವಾರ ಮಧ್ಯಾಹ್ನ ವೈಶಾಲಿ ಟೇಪು ಹಿಡಿದು ಬಂದಳು. ಅಳೆಯುತ್ತ ಅಳೆಯುತ್ತ ನಡುವಿಗೆ ಬಂದು ನಿಂತಳು. ಅಲ್ಲಿ ಒಂಬತ್ತು ಅಡಿಯ ಒಂದು ವರ್ತುಲ ಬರಿದಾಗಿತ್ತು. ಗೆರೆಗಳೆಲ್ಲ ಅದನ್ನು ಬಳಸಿ ಹೋಗಿದ್ದವು.

"ದೊಡ್ಡಪ್ಪ, ಇದನ್ಯಾಕ ಬಿಟ್ಟಿ? ಹಗ್ಗಾ ಇಲ್ಲೇ ಇಳಿಬಿಡಬೇಕ. ಗಟ್ಟಿ ತೊಲಿ ಮ್ಯಾಲ ಇಲ್ಲೇ ಐತಿ."

"ಅಲ್ಲಿ ಹೆಂಗ ಬರತೈತಿ? ಕಂಬ ಐತೆಲ್ಲ."

ಅವಳು ಮೇಲೆ ನೋಡಿದಳು. ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆ ಹಾದಿದ್ದ ಆ ಶೆಡ್ಡಿಗೆ ಕಟ್ಟಿದ ದಿನದಿಂದಲೂ ಕಂಬವಿರಲಿಲ್ಲ. ಸಿದರಾಯರೂ ಮೇಲೆ ನೋಡಿದರು, ನೋಡುತ್ತಲೇ ಇದ್ದರು. ಎಣ್ಣೆ ಕುಡಿದು ಕರಿದಾಗಿದ್ದ, ಎರಡು ತೋಳಿಗೆ ಸಿಗದಿದ್ದ, ತಾಲೀಮಿನ ನಡುಮಧ್ಯದ ಸಾಗವಾನಿಯ ಕಂಬ ಬೀಳಗಿ ಸೀಮೆಯಲ್ಲಿ ನೀರಿನಡಿ ನಿಂತಿತ್ತು. ಬಾಗಿಲು ಮೂಡಲಿಗೆ, ಕೆಮ್ಮಣ್ಣಿನ ಕಣ ತೆಂಕಲಿಗೆ, ಹಣಮಂತನ ಗೂಡು ಎದುರಿಗೆ: ಅವರು ಆ ಮೂರು ದಿನವೂ ಬನಹಟ್ಟಿಯ ನೆಲದ ಮೇಲೆ ಮುಳುಗಿದ ತಾಲೀಮನ್ನು ಬರೆದಿದ್ದರು. ಈ ಶೆಡ್ಡಿನ ಬಾಗಿಲು ಪಡುವಲಿಗಿತ್ತು. ಆ ಗೆರೆಗಳಂತೆ ಇಟ್ಟಿದ್ದರೆ ಬಂದವರು ಮೊದಲ ಹೆಜ್ಜೆಗೇ ಟೈರು ಎಡವುತ್ತಿದ್ದರು. ಎದೆಮಟ್ಟದ ಕಂಬಿ ಹಿಡಿಯಬೇಕಾದ ಮುದುಕಿ ಭಾರದ ಚೀಲಗಳನ್ನೆಲ್ಲ ದಾಟಿ ಹೋಗಬೇಕಿತ್ತು.

ಅವರು ಕೋಟು ಬಿಚ್ಚಿದರು. ಅದನ್ನು ಮುದ್ದೆಮಾಡಿ, ಮೊಣಕಾಲೂರಿ, ಗೆರೆಗಳನ್ನು ಒಂದೊಂದಾಗಿ ಒರೆಸಿದರು. ಬೆಳ್ಳಗಾದ ಕೋಟನ್ನು ಹೆಗಲಿಗೆ ಹಾಕಿಕೊಂಡು, ಅವಳ ಮುಖ ನೋಡದೆ, "ಮಷೀನ್ ತರಸವಾ. ನನಗ ಕೀಲಿನ ಛಲೋ" ಎಂದು ಹೊರಬಿದ್ದರು.

ವೈಶಾಲಿ ಬೆಳಗಾವಿಗೆ ಫೋನು ಮಾಡಲಿಲ್ಲ. ಶನಿವಾರ ಬೆಳಿಗ್ಗೆ ಓಣಿಯ ಎಂಟು ಜನರನ್ನು ಅವರವರ ಭಾರದೊಂದಿಗೇ ಕರೆತಂದಳು: ಬೀಮು ಹೊರುವ ಇಬ್ಬರು, ನೀರು ತರುವವರು, ಮಗ್ಗದವರು, ಜೊತೆಗೆ ಕಂಡಿಕೆಗೆ ನೂಲು ಸುತ್ತುವ ಮುತ್ತವ್ವ. ಅರವತ್ತು ದಾಟಿದ ಮುತ್ತವ್ವನ ಮೊಣಕಾಲು ಪೂರ್ತಿ ಮಡಚುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ನೆಲಕ್ಕೆ ಕುಳಿತರೆ ಎಬ್ಬಿಸಲು ಇಬ್ಬರು ಬೇಕೆಂಬ ನಾಚಿಕೆಗೆ ಯಾರ ಮನೆಯ ಊಟದ ಪಂಕ್ತಿಗೂ ಹೋಗುತ್ತಿರಲಿಲ್ಲ.

ಕೀಲಿ ಕಾಯಲು ಬಂದ ಸಿದರಾಯರು ಬಾಗಿಲಲ್ಲೇ ನಿಂತರು. ಒಳಗೆ ಎಂಟು ಜನ ಹೊತ್ತುಕೊಂಡು ನಡೆಯುತ್ತಿದ್ದರು, ತಿರುಗುವಲ್ಲಿ ಒಬ್ಬರಿಗೊಬ್ಬರು ತಾಗುತ್ತಿದ್ದರು, ಬೈದುಕೊಳ್ಳುತ್ತಿದ್ದರು.

"ಏ ವಸ್ತಾದ, ಬಾಗಲಾಗ ನಿಂತ ದೃಷ್ಟಿ ಹಾಕಬ್ಯಾಡ" ಎಂದಳು ಮುತ್ತವ್ವ. "ಈ ಬೀಮಿನವ್ರು ಹೊಳ್ಳಿದ್ರಂದ್ರ ನನ್ನ ತಲೀನ ಹೋಕೈತಿ."

"ಹಗೂರ" ಎಂದರು ಸಿದರಾಯರು, ತಮಗೇ ತಿಳಿಯದಂತೆ. ಆಮೇಲೆ, "ಬೀಮ ಆ ಗ್ವಾಡೀ ಗುಂಟ ಹೋಗ್ಲಿ. ಮುತ್ತವ್ವಾ, ನೀ ಅಲ್ಲೇ ನಿಲ್ಲ. ನಿನ್ನ ಕೈಗೆ ಮೊದ್ಲ ಏನ ಸಿಗಬೇಕು?"

"ಹಿಡ್ಕೋಳಾಕ ಏನರೆ ಸಿಕ್ರ ಸಾಕಪಾ. ಗಂಡ ಅಂತೂ ಸಿಗಂಗಿಲ್ಲ."

ಅವರು ಬಾಗಿ ಅವಳ ಪಾದದ ಸುತ್ತ ಗೆರೆ ಎಳೆದರು. ಎದೆಮಟ್ಟದ ಕಂಬಿ ಬಾಗಿಲ ಪಕ್ಕಕ್ಕೇ ಬಂತು. ಹಗುರ ಚೀಲಗಳು ಅದರ ಬುಡಕ್ಕೆ ಬಂದವು, ಭಾರದವು ಕಟ್ಟಕಡೆಗೆ ಸರಿದವು, ಬೀಮಿನಷ್ಟು ಉದ್ದದ ತಿರುವಿಗೆ ಗೋಡೆಗುಂಟ ದಾರಿ ಬಿತ್ತು. ಸಂಜೆಯೊಳಗೆ ನೆಲದ ತುಂಬ ಪಾದಗಳ ಗುರುತು. ಹಗ್ಗ ಕಟ್ಟಲು ನಾನು ಏಣಿ ಏರಿದ್ದೆ. ಮುಂದಿನ ಗೆರೆಯ ಆತುರದಲ್ಲಿ ಅವರು ಕೆಳಗೆ ನಡುಮಧ್ಯದಿಂದ ನೆಟ್ಟಗೆ ಹಾದುಹೋದದ್ದನ್ನು ಮೇಲಿನಿಂದ ನೋಡಿದೆ. ವೈಶಾಲಿಯೂ ನೋಡಿದಳು. ನಾನು ಅಲ್ಲೇ ಹಗ್ಗದ ಗಂಟು ಬಿಗಿದೆ.

ಸೋಮವಾರ ಅಣ್ಣಾಸಾಹೇಬರು ಬೂಟಿನ ಸಪ್ಪಳ ಮಾಡುತ್ತ ಬಂದರು. ಬಿಸಿಲು ಬಿದ್ದ ಉದ್ದನೆಯ ನೆಲ, ಅಂಚಿನಲ್ಲಿ ಚೀಲ, ಟೈರು, ಗುಂಡು, ಇಳಿಬಿಟ್ಟ ಒಂದು ಹಗ್ಗ.

"ಮಷೀನ್ ಎಲ್ಲಿ ಅದಾವ?"

"ನಾವು ಅದೀವಲ್ರೀ ಸಾವ್ಕಾರ್ರ" ಎಂದು ನೆಲದಿಂದ ಉತ್ತರ ಬಂತು. ಮುತ್ತವ್ವ ಅಂಗಾತ ಮಲಗಿದ್ದಳು. ಎರಡು ದಿನದಿಂದ ಅದನ್ನೇ ಕಲಿಯುತ್ತಿದ್ದಳು. ಮಗ್ಗುಲಾದಳು, ಅರ್ಧ ತುಂಬಿದ ಚೀಲದ ಮೇಲೆ ಕೈ ಊರಿದಳು. ಚೀಲ ಒದ್ದಾಡಿತು, ಅವಳ ಕೈ ಅದನ್ನು ಸಂಭಾಳಿಸಿತು. ಒಂದು ಮೊಣಕಾಲು, ಆಮೇಲೆ ಇನ್ನೊಂದು ಪಾದ, ನಡುವೆ ಇಡೀ ಶೆಡ್ಡು ಉಸಿರು ಹಿಡಿದಷ್ಟು ಹೊತ್ತು. ಸಿದರಾಯರು ಒಂದು ಮಾರು ದೂರದಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದರು. ಅವಳು ಎದ್ದು ನಿಂತು ಸೀರೆಯ ಧೂಳು ಕೊಡವಿಕೊಂಡಳು.

ಅಣ್ಣಾಸಾಹೇಬರು, ಎರಡು ವರ್ಷದಿಂದ ಪೂಜೆಯನ್ನೂ ಕುರ್ಚಿಯ ಮೇಲೆ ಕುಳಿತೇ ಮಾಡುವವರು, ಬೂಟಿನ ತುದಿಯಿಂದ ಚೀಲವನ್ನು ಒತ್ತಿ ನೋಡಿದರು.

"ಇದು ಎಷ್ಟ ದಿನಕ್ಕ ಬರತೈತ್ರೀ ವಸ್ತಾದ್ರ?"

"ಮೊದ್ಲ ಆ ಬೂಟ ಹೊರಗ ಬಿಚ್ಚಿ ಬರ್ರಿ. ಆಮ್ಯಾಗ ನೋಡೂಣು."

ಅಣ್ಣಾಸಾಹೇಬರು ಬಗ್ಗಿ ಬಿಚ್ಚತೊಡಗಿದರು. ಬಾಗಿಲ ಬಳಿಯ ಸ್ಟೂಲು ಅದಕ್ಕೆ ಉಪಯೋಗಕ್ಕೆ ಬಂತು. ತಾವು ಆಡಿದ ಮಾತು ಉಳಿಸಿಕೊಳ್ಳಲು, ನಿಂತಲ್ಲೇ ಓಡುವ ಒಂದು ಯಂತ್ರವನ್ನು ಮಾತ್ರ ತರಿಸಿ ಕಿಟಕಿಯ ಪಕ್ಕ ಇಡಿಸಿದರು. ಬಂದವರು ಅದರ ಮೇಲೆ ಅಂಗಿ ತೂಗುಹಾಕುತ್ತಾರೆ.

ಇಂಥವರು ನಮ್ಮ ಸೀಮೆಯ ಊರೂರಲ್ಲಿ ಇನ್ನೂ ಇದ್ದಾರೆ. ಅವರ ವಿದ್ಯೆ ಕೈಕಾಲಿನಲ್ಲಿ ಇರುತ್ತದೆ, ನಾಲಗೆಗೆ ಬರುವುದಿಲ್ಲ. ಬರೆದು ತೋರಿಸೆಂದರೆ ತಪ್ಪಿ ಬೇರೆ ಏನನ್ನೋ ಬರೆಯುತ್ತಾರೆ. ಹಳೆಯದನ್ನೇ ಹಿಡಿದು ಕೂತ ಮುದುಕರೆಂದು ನಾವು ಅವರನ್ನು ಬಾಗಿಲಾಚೆ ಕೂರಿಸಿ ಮರೆಯುತ್ತೇವೆ. ನನಗೆ ಸಿಟ್ಟು ಬರುವುದು ಅದಕ್ಕೇ. ಅವರು ಹಿಡಿದಿರುವುದು, ಕೊನೆಯ ಸಲ ಯಾರೋ ನಂಬಿ ಅವರ ಕೈಗೆ ಕೊಟ್ಟ ಕೆಲಸವನ್ನು. ಮುಂದಿನದನ್ನು ಇನ್ನೊಬ್ಬರು ತಂದು ಕೊಡುವವರೆಗೂ, ವರ್ಷಗಟ್ಟಲೆ, ಸದ್ದಿಲ್ಲದೆ, ಅವರು ಅದನ್ನೇ ಮಾಡುತ್ತಿರುತ್ತಾರೆ.