ಬುಡ ಮೇಲಾದ ಕಂಬ

ಹಿಂದಿನ ದೊರೆಗಳ ಕಾಲದಲ್ಲಿ ನೂರು ಅಂಕಣದ ಮನೆ ಅರಸನಿಗೆ ಮಾತ್ರ. ಹಾಗಾಗಿ ನಮ್ಮೂರಿನ ಹ್ಯೊನ್ ಮನೆತನದವರು ತೊಂಬತ್ತೊಂಬತ್ತಕ್ಕೇ ತೃಪ್ತಿಪಟ್ಟರು. ಕಟ್ಟಿದವನು ನಮ್ಮಜ್ಜ. ಅವನು ಕೊಡಲಿ ಎತ್ತಿದರೆ ಸಾಕು, ಪೈನ್ ಮರಗಳು ತಾವೇ ಬಂದು ಮಲಗುತ್ತಿದ್ದವು. ಆ ಸೂರಿನ ಬಾಗು ನೋಡಿಯೇ ಕೊರಿಯಾದ ಕೊಕ್ಕರೆಗಳೆಲ್ಲ ರೆಕ್ಕೆ ಚಾಚುವುದನ್ನು ಕಲಿತದ್ದು.

ಅಣೆಕಟ್ಟಿನ ನೀರು ಊರನ್ನು ನುಂಗುವ ಮುಂಚೆ ಆ ಮನೆಯನ್ನು ಬಿಚ್ಚಿ ಗುಡ್ಡದ ಮೇಲೆ ಮತ್ತೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹನ್ನೆರಡು ಸಾವಿರ ತುಂಡುಗಳು. ಒಂದಕ್ಕೂ ಗುರುತು ಹಾಕಲಿಲ್ಲ, ಎಲ್ಲ ತಲೆಯಲ್ಲೇ ಇಟ್ಟುಕೊಂಡೆ.

ಹೆಂಗಸರ ಒಳಮನೆಯ ಮಣ್ಣಿನ ಗೋಡೆ ಕೆಡವಿದಾಗ ಒಂದು ಕಂಬ ಕಂಡಿತು. ಕೊಂಬೆಯ ಗಂಟುಗಳು ನೆಲದ ಕಡೆ ಮುಖ ಮಾಡಿದ್ದವು. ಮರ ಬೆಳೆದ ಹಾಗೆಯೇ ಬುಡ ಕೆಳಗಾಗಿ ಕಂಬ ನಿಲ್ಲಿಸಬೇಕು. ತಿರುಗಿಸಿ ನಿಲ್ಲಿಸಿದರೆ ಆ ಮನೆಯಲ್ಲಿ ಸಂತಾನ ಉಳಿಯುವುದಿಲ್ಲ ಎಂದು ನಮ್ಮ ಬಡಗಿಗಳ ಎಳೆಮಗುವಿಗೂ ಗೊತ್ತು. ನಮ್ಮಜ್ಜನಿಗೆ ಗೊತ್ತಾಗಿರಲಿಲ್ಲ. ನಾನು ಉಸಿರೆತ್ತದೆ ಹಳೆಯ ಕಚ್ಚುಗಳಿದ್ದ ತುದಿ ಕೊಯ್ದು, ಗಂಟು ಹೆರೆದು, ಕಂಬವನ್ನು ಸರಿಯಾಗಿ ನಿಲ್ಲಿಸಿದೆ. ಗಿಡ್ಡವಾದದ್ದಕ್ಕೆ ಅಡಿಗಲ್ಲು ಎತ್ತರಿಸಿದೆ.

ಹೊಸ ಜಾಗದಲ್ಲಿ ಮನೆಗೆ ಕಾಲಿಡುವ ದಿನ ಹ್ಯೊನ್ ಮನೆಯ ಹಿರಿಯಮ್ಮ ಒಳಮನೆಯ ಹೊಸ್ತಿಲ ಹೊರಗೇ ನಿಂತುಬಿಟ್ಟರು. ಹದಿನೈದರ ಮದುಮಗಳಾಗಿ ಬಂದಾಗ ಅವರು ದಾಟುವ ಬದಲು, ಅಪಶಕುನವಾಗಿ, ಹೊಸ್ತಿಲನ್ನೇ ತುಳಿದಿದ್ದರಂತೆ. ನಾಲ್ವರು ಗಂಡುಮಕ್ಕಳಲ್ಲಿ ಮೂವರು ಸತ್ತಾಗ ಮೂರು ಸಲವೂ ಅತ್ತೆ ಅವರ ಪಾದವನ್ನೇ ತೋರಿಸಿದ್ದಳು.

"ನೀವೆಲ್ಲಾ ಹೋಗ್ರಪ್ಪ. ಇರೋದೊಂದೇ ಮೊಮ್ಮಗು. ಈ ಕಾಲು ಇನ್ನು ಆ ಮನೆಗೆ ಬ್ಯಾಡ."

"ಅಮ್ಮಾವ್ರೇ, ನಿಮ್ ಕಾಲಿಂದಲ್ಲ ಅದು. ನಮ್ಮಜ್ಜ ಕಂಬಾನೇ ತಲೆಕೆಳಗೆ ನಿಲ್ಸಿದ್ದ. ನಾನು ತಿರುಗ್ಸಿದೀನಿ."

"ಯಾವ ಅಜ್ಜ? ಮರ ತಾನೇ ಬಂದು ಮಲಗ್ತಿತ್ತಲ್ಲ, ಆ ಅಜ್ಜನಾ?" ಅವರು ಹಲ್ಲಿಲ್ಲದ ಬಾಯಲ್ಲಿ ನಕ್ಕರು.

"ಅದು ಸುಳ್ಳು, ಇದು ನಿಜ. ಅಡಿಗಲ್ಲು ನೋಡಿ, ಅದೊಂದೇ ಎತ್ತರ ಇದೆ."

"ಅಳತೆ ತಪ್ಪಿದೀಯ ಪ್ಯೋ ಮೇಸ್ತ್ರಿ, ಕಲ್ಲಿಟ್ಟು ಮುಚ್ಚಿದೀಯ. ಈ ಮುದುಕಿಗೋಸ್ಕರ ಅಜ್ಜನ ಮಾನಾನೂ ಕಳೆದ್ಯಲ್ಲ. ಒಳ್ಳೇವ್ನು ಕಣೋ ನೀನು."

ಕೊಯ್ದ ತುದಿಯಾದರೂ ಗಂಟಿನ ಸಮೇತ ಉಳಿದಿದ್ದರೆ ತೋರಿಸುತ್ತಿದ್ದೆ. ಅದನ್ನೂ ಹೆರೆದ ಸಿಬಿರನ್ನೂ ನಾನೇ ಒಲೆಗೆ ಹಾಕಿದ್ದೆ.

ಹೆಬ್ಬಾಗಿಲ ಪಕ್ಕದ ಆಳಿನ ಕೋಣೆಯಲ್ಲಿ ಅವರು ಉಳಿದರು. ಮೊಮ್ಮಗು ಕರೆದರೆ ಅಂಗಳದ ಅಂಚಿನ ತನಕ ಬರುತ್ತಿದ್ದರು; ಅದು ಕೆಮ್ಮಿದರೆ ಪಾದ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಯಾರಾದರೂ ನಂಬಿ ಅವರಿಗೆ ಹೇಳಲಿ ಎಂದು ಊರಿಗೆಲ್ಲ ಕಂಬದ ಸಂಗತಿ ಸಾರಿದೆ. ಜನ ನನಗೆ ಅಕ್ಕಿ ಹೆಂಡ ಬಗ್ಗಿಸಿ, "ಇನ್ನೊಂದು ಕತೆ ಬಿಡಪ್ಪ" ಎಂದರು.

ಮೂರನೆಯ ಚಳಿಗಾಲ ಹಿರಿಯಮ್ಮ ಆ ಆಳಿನ ಕೋಣೆಯಲ್ಲೇ ತೀರಿಕೊಂಡರು.