ಕೌದಿಯ ತುತ್ತು

ಭೂಮಿಯ ಒಳಗೆ ಬೆಳಕು ಇಳಿಯುವುದನ್ನು ನಾನು ಮೊದಲು ನೋಡಿದ್ದು ಮೊಮ್ಮಗಳು ಬ್ರಾಹ್ಮಿಯ ಪಕ್ಕದಲ್ಲಿ ಕೂತು. ಅವಳು ಬೋರ್‌ವೆಲ್‌ಗಳಲ್ಲಿ ಕ್ಯಾಮೆರಾ ಇಳಿಸುವ ಕೆಲಸ ಮಾಡುತ್ತಾಳೆ. ಬಾಳೆಕಾಯಿಯಷ್ಟು ದಪ್ಪನೆಯ ಕ್ಯಾಮೆರಾ, ಅದರ ತಲೆಯ ಸುತ್ತ ಸಣ್ಣ ದೀಪಗಳು, ಹಿಂದೆ ಉದ್ದನೆಯ ವಾಯರು ಸುತ್ತಿದ ರೀಲು. ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದರೆ ಮೊದಲು ಕಬ್ಬಿಣದ ಪೈಪು ಕಾಣುತ್ತದೆ, ಆಮೇಲೆ ಕರಿಕಲ್ಲು. ಕಲ್ಲಿನ ನಡುವೆ ಬಿಳಿ ಗೆರೆಗಳು. ಎಲ್ಲೋ ಒಂದು ಸೀಳಿನಿಂದ ನೀರು ಹನಿಯುತ್ತಿರುತ್ತದೆ. ಯಾರೂ ನೋಡದ ಕಡೆ, ಯಾರಿಗಾಗಿಯೂ ಅಲ್ಲದೆ, ಅದು ಎಷ್ಟು ಕಾಲದಿಂದ ಹನಿಯುತ್ತಿದೆಯೋ. ಅದನ್ನು ನೋಡಿ ಬಂದ ದಿನ ಅಂಗಳದಲ್ಲಿ ನಡೆಯುವಾಗಲೂ ಕಾಲ ಕೆಳಗೆ ಆ ಹನಿಯ ಸದ್ದು ಕೇಳಿದಂತಾಗುತ್ತದೆ.

ಈ ಕೆಲಸವನ್ನು ಬ್ರಾಹ್ಮಿ ಕಲಿತದ್ದು ರಾಯಬಾಗದ ಭಾವುಸಾಹೇಬರ ಹತ್ತಿರ. ಮೊಣಕಾಲು ಸೋತು ಅವರು ಮನೆ ಹಿಡಿದಾಗ ಕ್ಯಾಮೆರಾ, ರೀಲು ಎರಡನ್ನೂ ಇವಳೇ ತೆಗೆದುಕೊಂಡಳು. ಆದರೆ ಲ್ಯಾಪ್‌ಟಾಪು ಕಾಲೇಜಿನ ದಿನಗಳದ್ದು, ಮನೆಯೊಳಗೆ ಕೂತು ಬರೆಯುವವರಿಗೆ ಮಾಡಿದ್ದು. ಕೊಕಟನೂರಿನ ಹೊಲವೊಂದರಲ್ಲಿ ಅದನ್ನು ತೆರೆದಾಗ ಬಿಸಿಲಿಗೆ ಪರದೆ ಕಪ್ಪು ಕನ್ನಡಿಯಾಯಿತಂತೆ. ಸುತ್ತ ಬಗ್ಗಿ ನಿಂತವರಿಗೆ ಬಾವಿ ಕಾಣುವ ಬದಲು ತಮ್ಮ ತಮ್ಮ ಮುಖಗಳೇ ಕಂಡವು. ಒಬ್ಬ ಮೀಸೆ ತಿದ್ದಿಕೊಂಡನಂತೆ. ಸ್ವಲ್ಪ ಹೊತ್ತಿಗೆ ಕಲ್ಲಿನ ಪುಡಿ ಹೊಕ್ಕು ಯಂತ್ರ ಕೆಮ್ಮಿದಂತೆ ಸದ್ದು ಮಾಡಿ ನಿಂತೇ ಹೋಯಿತು. ಆ ಸುದ್ದಿ ಇವಳಿಗಿಂತ ಮುಂಚೆ ನಮ್ಮೂರು ಚಿಕ್ಕೋಡಿ ಮುಟ್ಟಿತು. ಆಮೇಲೆ ಫೋನು ಬರುವುದು ನಿಂತಿತು.

ಹೀಗಿರುವಾಗ ಬೇಡಕಿಹಾಳದಿಂದ ಧರಣೇಂದ್ರ ಫೋನು ಮಾಡಿದರು. ನಮ್ಮವರೇ, ಜೈನರು, ಕಬ್ಬು ಬೆಳೆಯುವವರು. ಅವರ ಬೋರಿನಲ್ಲಿ ಪೈಪು ಮುರಿದು, ಹಗ್ಗ ಹರಿದು, ಮೋಟರು ಕೆಳಗೆ ಬಿದ್ದಿತ್ತು. ಮುರಿದ ಪೈಪಿನ ಬಾಯಿ ಯಾವ ಕಡೆ ವಾಲಿದೆ ಎಂದು ಕಂಡರೆ ಕೊಂಡಿ ಹಾಕಿ ಎತ್ತಬಹುದು. ಕಾಣದಿದ್ದರೆ ಕಲ್ಲು ಹಾಕಿ ಮುಚ್ಚುವುದು, ಬೇರೆ ಕಡೆ ಕೊರೆಯುವುದು. ಆ ಸುತ್ತಿನಲ್ಲಿ ಉಳಿದ ಬೋರುಗಳ ನೀರು ಸವಳು, ಇದೊಂದೇ ಸಿಹಿ. ಇನ್ನೊಂದು ವಾರ ನೋಡುತ್ತೇನೆ ಎಂದರು.

ಬ್ರಾಹ್ಮಿ ಫೋನು ಇಟ್ಟು ಬಹಳ ಹೊತ್ತು ರೀಲಿನ ಹಿಡಿಕೆ ತಿರುಗಿಸುತ್ತ ಕೂತಳು.

“ಇದೊಂದು ಕಾಣಲಿಲ್ಲಂದ್ರ ರೀಲ್ ಮಾರಿಬಿಡತೇನಿ, ಆಯಿ. ಎರಡ ಸಲ ಕುರುಡ ಆದಾಕಿನ ಯಾರ ಕರೀತಾರ?”

ಮರುದಿನ ಇಬ್ಬರೂ ನಿಪ್ಪಾಣಿಯ ಬಸ್ಸು ಹತ್ತಿದೆವು.

ಪೀರಸಾಬರ ಅಂಗಡಿ ಪೇಟೆಯ ಹಿಂದಿನ ಓಣಿಯಲ್ಲಿದೆ. ಹಳೆಯ ಲ್ಯಾಪ್‌ಟಾಪು ತಂದು ಬಿಚ್ಚಿ, ಸರಿಮಾಡಿ ಮಾರುವುದು ಅವರ ಕೆಲಸ. ಅದರಲ್ಲೂ ಗಟ್ಟಿ ಲ್ಯಾಪ್‌ಟಾಪು ಎಂದರೆ ಅವರಿಗೆ ಮೋಹ. ಗಣಿಯಲ್ಲಿ, ಹಡಗಿನಲ್ಲಿ, ದಂಡಿನಲ್ಲಿ ದುಡಿದು ಬಂದವು, ಒಂದೊಂದಕ್ಕೂ ಟ್ರಂಕಿನ ಹಾಗೆ ಹಿಡಿಕೆ, ಮೂಲೆಗಳಿಗೆ ರಬ್ಬರು, ತೂತುಗಳಿಗೆಲ್ಲ ಮುಚ್ಚಳ. ಬ್ರಾಹ್ಮಿ ಒಳಗೇ ಒಂದನ್ನು ತೆರೆಯಹೋದಾಗ ಅವರು ತಡೆದರು. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಚೆಂದ ಕಾಣುತ್ತವೆ, ಬರ್ರಿ ಎಂದು ಎರಡು ಯಂತ್ರಗಳನ್ನು ಓಣಿಯ ಬಿಸಿಲಿಗೆ ತಂದು ಕಟ್ಟೆಯ ಮೇಲಿಟ್ಟರು. ಮುಚ್ಚಳಗಳನ್ನು ಉಗುರಿನಿಂದ ಎಬ್ಬಿಸಿ ರಬ್ಬರು ಸೀಳಿದೆಯೇ ನೋಡಲು ಹೇಳಿದರು. ಪರದೆಯನ್ನು ನಡುವೆ ನಿಲ್ಲಿಸಿ ಕೈಬಿಟ್ಟರೆ ಅದು ಅಲ್ಲೇ ನಿಲ್ಲಬೇಕು, ಬಿದ್ದರೆ ಕೀಲು ಸೋತಿದೆ ಎಂದರು. ಒದ್ದೆ ಬೆರಳಿಗೂ ಪರದೆ ಓಗೊಡುತ್ತದೆಯೇ ಎಂದು ಮುಟ್ಟಿಸಿ ನೋಡಿದರು.

ದೊಡ್ಡದು ಚುರುಕಾಗಿತ್ತು, ಅಗಲವಾದ ಪರದೆ, ಬದಿಯಲ್ಲಿ ಗಾಳಿ ಬಿಡುವ ಫ್ಯಾನು. ಸಣ್ಣದಕ್ಕೆ ಫ್ಯಾನೇ ಇಲ್ಲ. ಮೈತುಂಬ ಗೀರು, ತೂಕ ಮಾತ್ರ ಒಳಕಲ್ಲಿನ ಗುಂಡಿನಂತೆ. ಅದರ ಸ್ಕ್ರೂಗಳ ಸಂದಿಯಲ್ಲಿ ಕೆಂಪು ಮಣ್ಣು ಕೂತಿತ್ತು. ನಮ್ಮ ಕಡೆಯ ಮಣ್ಣಲ್ಲ. ನಾನು ಅದನ್ನು ಸೂಜಿಯ ತುದಿಯಿಂದ ತೆಗೆದು ಅಂಗೈಯಲ್ಲಿ ಹಾಕಿಕೊಂಡು ನೋಡಿದೆ. ಯಾವುದೋ ಗಾಳಿ ಬೀಸುವ ಬಯಲು, ಅಲ್ಲಿ ಮಂಡಿಯೂರಿ ಕೂತ ಯಾರೋ ಒಬ್ಬರು, ಅವರ ಮುಖದ ಮೇಲೆ ಈ ಪರದೆಯ ಬೆಳಕು. ಅವರು ಏನು ಹುಡುಕುತ್ತಿದ್ದರೋ, ಸಿಕ್ಕಿತೋ ಇಲ್ಲವೋ. ಬ್ರಾಹ್ಮಿ ಕರೆದಾಗ ಮಣ್ಣು ಗಾಳಿಗೆ ಹಾರಿತು.

ಅವಳ ಮನಸ್ಸು ದೊಡ್ಡದರ ಮೇಲಿತ್ತು. ಪೀರಸಾಬರು ಅದಕ್ಕೇ ಕೈ ಹಾಕಿದರು. ದೊಡ್ಡದರ ಬದಿಯ ಖಾನೆ ಎಳೆದು, ಒಳಗಿದ್ದ ತಿರುಗುವ ಡಿಸ್ಕು ತೆಗೆದು, ತಿರುಗದ ಹೊಸ ಡಿಸ್ಕು ಹಾಕಿದರು. ತಿರುಗುವಂಥದ್ದು ಟ್ರ್ಯಾಕ್ಟರಿನ ಕುಲುಕಾಟ ತಾಳುವುದಿಲ್ಲವಂತೆ. ಕ್ಯಾಮೆರಾ ನಡೆಸುವ ಪ್ರೋಗ್ರಾಮನ್ನು ಆ ಡಿಸ್ಕಿಗೇ ತುಂಬಿದರು. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಚಾರ್ಜು ಮಾಡಲು ವಾಯರು ಬೆಸೆದು ಕೊಟ್ಟರು, ಎರಡೂ ಪರದೆಗಳಿಗೆ ಹೊಳಪು ತಡೆಯುವ ಹಾಳೆ ಅಂಟಿಸಿದರು. ಆಮೇಲೆ ಎರಡನ್ನೂ ಮುಂದೆ ಸರಿಸಿದರು.

“ಎರಡೂ ಒಯ್ಯಿರಿ, ಆಯಿ. ಮನ್ಯಾಗ ಇಟ್ಟ ನೋಡ್ರಿ. ಬ್ಯಾಡಾದ್ದು ತಿರುಗಿ ಕೊಡ್ರಿ. ಖಾನೆ ಎರಡರದೂ ಒಂದ ಅಳತಿ ಐತಿ, ಡಿಸ್ಕ್ ಇದರಾಗಿಂದ ಅದರಾಗ ಹಾಕಬಹುದು.”

ಬಿಸಿಲಿಗೆ ಹಾಳೆಯೊಂದೇ ಸಾಲದು, ಮೇಲೊಂದು ನೆರಳು ಬೇಕು ಎಂದೂ ಅವರೇ ಹೇಳಿದರು. ಆ ಕೆಲಸ ನನ್ನದೆಂದು ನಾನು ಬಸ್ಸಿನಲ್ಲೇ ನಿಶ್ಚಯಿಸಿದೆ.

ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ನನಗೆ ಬಾಲ್ಯದಿಂದ ಬಂದದ್ದು. ಈ ಸಲ ಹೊಲಿದದ್ದು ಲ್ಯಾಪ್‌ಟಾಪಿಗೆ ಕುಂಚಿಗೆ, ಕೂಸಿನ ತಲೆಗೆ ಹಾಕುವಂಥದ್ದು. ಮೂರು ಕಡೆ ಮುಚ್ಚಿ, ಮುಂದೆ ಮುಖ ತೂರಿಸುವಷ್ಟು ಬಾಯಿ, ಒಳಗೆ ಕಪ್ಪು ಬಟ್ಟೆ. ಒಂದಕ್ಕೆ ಹೊಲಿದು ಇನ್ನೊಂದನ್ನು ಬರಿಮೈಯಲ್ಲಿ ಬಿಡಲು ಮನಸ್ಸಾಗದೆ ಎರಡಕ್ಕೂ ಹೊಲಿದೆ. ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯೊಳಗೆ ಒಂದು ತುತ್ತು ಇಡಬೇಕು, ಅದು ಹಸಿದಿರಬಾರದು. ಒಣರೊಟ್ಟಿಯ ಚೂರು ಸಾಕು. ಹೊಲಿಗೆ ಮುಗಿಯುವಷ್ಟರಲ್ಲಿ ಹೊತ್ತು ಮುಳುಗುತ್ತ ಬಂದಿತ್ತು. ನಮ್ಮಲ್ಲಿ ಬೆಳಕಿರುವಾಗಲೇ ಊಟ ಮುಗಿಯುತ್ತದೆ, ಮಾಡಿದ್ದನ್ನು ಉಳಿಸಿಡುವುದಿಲ್ಲ. ಬುಟ್ಟಿಯಲ್ಲಿ ರೊಟ್ಟಿಯ ಪುಡಿಯೂ ಇರಲಿಲ್ಲ. ಡಬ್ಬಿಯಲ್ಲಿ ಬೆಲ್ಲ ಇತ್ತು. ಒಂದೊಂದು ಚೂರು ಇಟ್ಟು ಮೂಲೆ ಮುಚ್ಚಿದೆ. ಎರಡೂ ಯಂತ್ರಗಳಿಗೆ ಕುಂಚಿಗೆ ತೊಡಿಸಿ ಕಟ್ಟೆಯ ಮೇಲೆ ಮಲಗಿಸಿದೆ. ಎಣ್ಣೆ ಹಚ್ಚಿ ಮಲಗಿಸಿದ ಅವಳಿ ಕೂಸುಗಳಂತೆ ಕಂಡವು.

ಬೇಡಕಿಹಾಳಕ್ಕೆ ಹೊರಡುವ ದಿನ ಬೆಳಿಗ್ಗೆ ಬ್ರಾಹ್ಮಿ ದೊಡ್ಡದನ್ನು ತೆರೆದು ಚಾಲೂ ಮಾಡಿದಳು. ಪರದೆ ಬೆಳಗಿತು. ಆ ಬೆಳಕಿನೊಳಗೆ, ಗಾಜಿನ ಹಿಂದೆ, ಇರುವೆಗಳು ನಡೆಯುತ್ತಿದ್ದವು.

ನನಗೆ ಮೊದಲು ಅದು ಚಿತ್ರವೆಂದೇ ಅನಿಸಿತು. ನೀಲಿ ಆಕಾಶದಂಥ ಪರದೆ, ಅದರಲ್ಲಿ ಸಾಲು ಹಿಡಿದು ಹೋಗುವ ಸಣ್ಣ ಕರಿಯ ಜೀವಗಳು, ಕೆಲವುಗಳ ಬಾಯಲ್ಲಿ ಅಕ್ಕಿಯ ನುಚ್ಚಿನಂಥ ತತ್ತಿ. ಇಬ್ಬರೂ ಉಸಿರು ಹಿಡಿದು ನೋಡಿದೆವು. ಆಮೇಲೆ ಫ್ಯಾನು ತಿರುಗುವ ಮೊದಲೇ ಬ್ರಾಹ್ಮಿ ಗಾಬರಿಯಿಂದ ಯಂತ್ರ ಬಂದ್ ಮಾಡಿದಳು. ಕಟ್ಟೆಯ ಬಿರುಕಿನಿಂದ ಹೊರಟ ಸಾಲು ಕುಂಚಿಗೆಯ ಮೂಲೆಗೆ ಬಂದು, ಅಲ್ಲಿಂದ ಗಾಳಿಕಿಂಡಿಯಲ್ಲಿ ಇಳಿದಿತ್ತು. ಬೆಲ್ಲಕ್ಕೆ ಬಂದವು ಬೆಚ್ಚಗಿನ ಮನೆ ಕಂಡು ಸಂಸಾರ ಹೂಡಿದ್ದವು.

ಏನು ಇಟ್ಟಿದ್ದೆ ಎಂದು ಅವಳು ಕೇಳಿದಳು, ನಾನು ಹೇಳಿದೆ. ಸಣ್ಣದರ ಕುಂಚಿಗೆ ತೆಗೆದು ನೋಡಿದಳು. ಅದರ ಸುತ್ತಲೂ ಇರುವೆ ಮುತ್ತಿದ್ದವು. ಮುಚ್ಚಳದಿಂದ ಮುಚ್ಚಳಕ್ಕೆ ಸುತ್ತಿ, ದಾರಿ ಸಿಗದೆ, ಮತ್ತೆ ಬೆಲ್ಲಕ್ಕೇ ಮರಳುತ್ತಿದ್ದವು. ಬ್ರಾಹ್ಮಿ ಮೆಲ್ಲಗೆ ಊದಿ ಅವನ್ನು ಸರಿಸಿ, ಒಂದೊಂದೇ ಮುಚ್ಚಳ ತೆರೆದಳು. ಒಳಗೆ ಒಂದೂ ಇರಲಿಲ್ಲ.

“ಇರುವಿ ಹೋಗದ ಕಡೆ ಕಲ್ಲಿನ ಪುಡೀನೂ ಹೋಗಾಂಗಿಲ್ಲ,” ಎಂದಳು, ತನಗೆ ತಾನೇ ಎಂಬಂತೆ. “ನಾ ಆರಿಸಿದ್ದ ತಪ್ಪಿತ್ತು.”

ಯಾವ ಯಂತ್ರ ಒಯ್ಯಬೇಕೆಂಬುದೇನೋ ಗೊತ್ತಾಯಿತು. ಆದರೆ ಕ್ಯಾಮೆರಾ ನಡೆಸುವ ಡಿಸ್ಕು ದೊಡ್ಡದರ ಖಾನೆಯಲ್ಲಿತ್ತು. ಖಾನೆಯ ಸಂದಿಯಲ್ಲೇ ತತ್ತಿಗಳು ಬೆಳ್ಳಗೆ ಕೂತಿದ್ದವು. ಎಳೆದರೆ ಎಲ್ಲ ಅರೆದು ಹೋಗುತ್ತವೆ.

ಪೀರಸಾಬರಿಗೆ ಫೋನು ಮಾಡಿದೆವು. ಔಷಧ ಹೊಡೆಯಿರಿ ಎಂದು ಬಾಯಿತಪ್ಪಿ ಅಂದವರು, ನಾವು ಯಾರೆಂದು ನೆನಪಾಗಿ ತಾವೇ ತಡೆದರು. ಸ್ವಲ್ಪ ಯೋಚಿಸಿ, ಎಳೆಬಿಸಿಲಿಗೆ ಇಡಿರಿ, ಕರಿಮೈ ನಿಧಾನಕ್ಕೆ ಕಾಯುತ್ತದೆ, ಪಕ್ಕದಲ್ಲಿ ತಂಪಾದ ಕತ್ತಲೆ ಏನಾದರೂ ಕೊಡಿರಿ, ಅವೇ ಬಿಡಾರ ಎತ್ತುತ್ತವೆ ಎಂದರು. ಯಂತ್ರವನ್ನು ಅಂಗಳಕ್ಕೆ ತಂದೆವು. ಅದರ ಕುಂಚಿಗೆಗೆ ಸ್ವಲ್ಪ ನೀರು ಚಿಮುಕಿಸಿ, ಮೂಲೆಯ ಬೆಲ್ಲ ಹಾಗೇ ಬಿಟ್ಟು, ಗಾಳಿಕಿಂಡಿಗೆ ತಾಗುವಂತೆ ಬೇವಿನ ನೆರಳಿಗೆ ಹಾಸಿದೆ. ಕೂತೆ. ಕಾಯುವುದು ನನಗೆ ಕಷ್ಟವಲ್ಲ.

ಕಷ್ಟವಾದದ್ದು ಅವಳಿಗೆ. ಧರಣೇಂದ್ರರ ಫೋನು ಬಂದಾಗ ಹೊತ್ತು ನೆತ್ತಿಯ ಕಡೆ ಏರುತ್ತಿತ್ತು. ಕೊಂಡಿಯವರು ಬಂದಿದ್ದಾರೆ, ಕಲ್ಲಿನ ಟ್ರ್ಯಾಕ್ಟರೂ ಬಂದು ನಿಂತಿದೆ, ನೀ ಎಲ್ಲಿದ್ದಿ ಎಂದು ಕೇಳಿದರು. ಬರುತ್ತೇನೆ ಎಂದಷ್ಟೇ ಹೇಳಿ ಬ್ರಾಹ್ಮಿ ಫೋನು ಇಟ್ಟಳು. ನೆಟ್ಟಗೆ ಯಂತ್ರದ ಮುಂದೆ ಕೂತು ಖಾನೆಯ ಚಿಲಕದ ಮೇಲೆ ಬೆರಳಿಟ್ಟಳು.

“ನನ್ನ ಕೆಲಸ ಇರುವಿಗಿಂತ ಹಗರ ಏನ, ಆಯಿ?”

“ಹಗರಲ್ಲವ್ವಾ. ಅವು ತತ್ತಿ ಹೊತಗೊಂಡಾವ, ಅಷ್ಟ.”

ಅವಳ ಬೆರಳು ಚಿಲಕದ ಮೇಲೆ ಹಾಗೇ ಇತ್ತು. ಅಂಗಳದಲ್ಲಿ ಬೇವಿನ ಎಲೆಗಳ ನೆರಳು ಯಂತ್ರದ ಅಂಚಿನಲ್ಲಿ ಅಲುಗುತ್ತಿತ್ತು. ನೋಡುತ್ತ ನೋಡುತ್ತ ನನಗೆ ಅದು ದೊಡ್ಡ ಊರಿನಂತೆ ಕಂಡಿತು. ಒಳಗೆ ಓಣಿಗಳು, ಮಾಳಿಗೆಗಳು, ಬಾಣಂತಿ ಕೋಣೆಗಳು. ಯಾರೋ ಬಾಗಿಲಲ್ಲಿ ನಿಂತು ಬಿಸಿಲು ನೋಡಿ, ಒಳಗೆ ಹೋಗಿ ಇನ್ನೊಬ್ಬರಿಗೆ ಹೇಳುತ್ತಿದ್ದಾರೆ.

ಬ್ರಾಹ್ಮಿ ಬೆರಳು ತೆಗೆದಳು. ತಾನೇ ಧರಣೇಂದ್ರರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆಯಿಂದ ಅವರು ನಕ್ಕದ್ದು ನನಗೂ ಕೇಳಿಸಿತು.

“ಇರುವಿ ಸಲುವಾಗಿ ತಡಾ ಆತಂದ್ರ ನಾ ಹೆಂಗ ಬೈಲಿ? ಹೊತ್ತ ಇಳಿಯೂತನ ಕಾಯತೇನಿ, ತಂಗಿ. ಆಮ್ಯಾಲ ಟ್ರ್ಯಾಕ್ಟರ್‌ನವರು ನಿಲ್ಲಾಂಗಿಲ್ಲ.”

ಮೊದಲ ತತ್ತಿ ಹೊರಬಂದದ್ದು ಸ್ವಲ್ಪ ಹೊತ್ತಿನ ಮೇಲೆ. ಹಿಂದೆ ಇನ್ನೊಂದು. ಆಮೇಲೆ ಗಾಳಿಕಿಂಡಿಯಿಂದ ಕರಿಯ ದಾರವೊಂದು ಇಳಿದಂತೆ ಸಾಲು ಸಾಗಿತು, ನಡುನಡುವೆ ಬಿಳಿ ಮಣಿ ಪೋಣಿಸಿದಂತೆ. ಎಲ್ಲವೂ ನನ್ನ ಕುಂಚಿಗೆಯ ಮಡಿಕೆಗಳಲ್ಲಿ ಹೊಕ್ಕವು. ನನ್ನ ಮದುವೆಯ ಸೀರೆಯ ಅಂಚು ಅದರಲ್ಲಿತ್ತು, ಸೊಸೆಯ ಸೀಮಂತದ ಹಸಿರು ಸೀರೆಯೂ ಇತ್ತು. ಅವುಗಳ ಸಂದಿಯಲ್ಲಿ ಒಂದು ಊರೇ ಇಳಿದು ನೆಲೆಯಾಯಿತು. ಕೊನೆಯ ಇರುವೆ ಬರಿಗೈಯಲ್ಲಿ ಬಂದು, ಬಾಗಿಲಲ್ಲಿ ನಿಂತು, ಮರಳಿ ಒಳಗೆ ಹೋಗಿ ನೋಡಿ, ಮತ್ತೆ ಬಂದಿತು. ಬ್ರಾಹ್ಮಿ ಖಾನೆ ಎಳೆದಳು. ಡಿಸ್ಕು ಸ್ವಚ್ಛವಾಗಿತ್ತು. ಸಣ್ಣದಕ್ಕೆ ಅದನ್ನು ಹಾಕಿದಾಗ ಯಂತ್ರ ಬಹಳ ಹೊತ್ತು ಯೋಚಿಸಿ, ಕೊನೆಗೆ ಬೆಳಗಿತು.

ಸಣ್ಣದರ ಕುಂಚಿಗೆಯ ಮೂಲೆ ಬಿಚ್ಚಿ, ಬೆಲ್ಲ ತೆಗೆದು, ಬೇವಿನ ಬುಡದಲ್ಲಿ ಅವುಗಳ ಹತ್ತಿರವೇ ಇಟ್ಟೆ. ಮೂಲೆ ಹೊಲಿಯಲು ಸಮಯವಿರಲಿಲ್ಲ. ಬ್ರಾಹ್ಮಿಯ ಸ್ಕೂಟರಿನ ಮುಂದೆ ರೀಲು, ಹಿಂದೆ ನಾನು, ನನ್ನ ತೊಡೆಯ ಮೇಲೆ ಆ ಭಾರದ ಪೆಟ್ಟಿಗೆ, ಎರಡೂ ಬದಿಗೆ ಕಬ್ಬಿನ ಹಸಿರು ಗೋಡೆ.

ಬೇಡಕಿಹಾಳದ ಹೊಲ ಮುಟ್ಟಿದಾಗ ಟ್ರ್ಯಾಕ್ಟರಿನವನು ಇಂಜಿನ್ ಚಾಲೂ ಮಾಡಿ ಕೂತಿದ್ದ. ಕಲ್ಲಿನ ಮೇಲೆ ಕೂತ ನಾಲ್ಕಾರು ಜನ ಇರುವೆಗಳು ಸುಖವಾಗಿವೆಯೇ ಎಂದು ಬ್ರಾಹ್ಮಿಯನ್ನು ಕೇಳಿದರು. ಸುಖವಾಗಿವೆ, ನಿಮ್ಮನ್ನು ಕೇಳಿದವು ಎಂದಳು. ಧರಣೇಂದ್ರರು ಬೋರಿನ ಮುಚ್ಚಳ ತೆಗೆದರು. ಇಳಿಬಿಸಿಲು ನೇರ ಪರದೆಗೇ ಹೊಡೆಯುತ್ತಿತ್ತು. ಬ್ರಾಹ್ಮಿ ಕುಂಚಿಗೆ ಹೊದಿಸಿ ಮುಖ ಒಳಗೆ ತೂರಿಸಿದಳು. ರೀಲು ಮೆಲ್ಲಗೆ ತಿರುಗಿತು. ಹೊರಗಿನಿಂದ ನೋಡಿದರೆ ತಲೆಯಿಲ್ಲದ ಹುಡುಗಿಯೊಬ್ಬಳು ಕೌದಿಗೆ ಏನೋ ಪಿಸುಗುಟ್ಟುತ್ತಿರುವಂತೆ ಇತ್ತು.

ರೀಲು ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಕೌದಿಯೊಳಗಿನಿಂದ ಅವಳ ದನಿ ಬಂದಿತು, “ಆಯಿ, ಇಲ್ಲಿ ಬಾ.”

ನಾನು ಅವಳ ಕೆನ್ನೆಗೆ ಕೆನ್ನೆ ಹಚ್ಚಿ ಒಳಗೆ ನೋಡಿದೆ. ಹಳೆಯ ಸೀರೆಗಳ ಕತ್ತಲೆ, ಅದರ ತುದಿಯಲ್ಲಿ ಒಂದು ಹಸಿರು ನೀರಿನ ಕೋಣೆ. ನೀರು ಅಲುಗುತ್ತಿರಲಿಲ್ಲ. ಬೆಳಕಿನಲ್ಲಿ ದೂಳಿನ ಕಣಗಳು ತೇಲುತ್ತಿದ್ದವು, ಅವಸರವಿಲ್ಲದೆ. ಕೆಳಗೆ, ಕಲ್ಲಿನ ಗೋಡೆಗೆ ಒರಗಿ, ದಣಿದು ನಿಂತವರಂತೆ ಮುರಿದ ಪೈಪು ವಾಲಿತ್ತು. ಅದರ ಬಾಯಿ ಚಂದ್ರನಂತೆ ಕಾಣುತ್ತಿತ್ತು.

“ಮೂಡಣ ಬಾಜೂಕ ವಾಲೇತಿ,” ಎಂದು ಬ್ರಾಹ್ಮಿ ಹೊರಗಿನವರಿಗೆ ಹೇಳಿದಳು. “ಕೊಂಡಿ ಬಿಡ್ರಿ. ಸಾವಕಾಶ. ನಾ ಹೇಳತೇನಿ.”

ಅವಳು ಹೇಳುತ್ತ ಹೋದಳು, ಅವರು ಬಿಡುತ್ತ ಹೋದರು. ಕೊಂಡಿ ಒಮ್ಮೆ ಜಾರಿತು, ಇನ್ನೊಮ್ಮೆಯೂ ಜಾರಿತು. ಆಮೇಲೆ ಹಗ್ಗ ಬಿಗಿಯಿತು. ಯಾರೋ ಟ್ರ್ಯಾಕ್ಟರಿನವನಿಗೆ ಇಂಜಿನ್ ಬಂದ್ ಮಾಡಲು ಹೇಳಿದರು. ಆ ಮೌನದಲ್ಲಿ ಬೋರಿನ ಒಳಗಿನಿಂದ ನೀರು ಕದಲುವ ಸದ್ದು ಕೇಳಿಸಿತು.

ಮೋಟರು ಮೇಲೆ ಬರುವಾಗ ಧರಣೇಂದ್ರರ ಹೆಂಡತಿ ಲಕ್ಷ್ಮಿಬಾಯಿ ನಮ್ಮನ್ನು ಮನೆಗೆ ಕರೆದರು, ಬೆಳಕಿರುವಾಗಲೇ ಎರಡು ತುತ್ತು ಉಂಡು ಹೋಗಿರಿ ಎಂದು. ಬ್ರಾಹ್ಮಿ ರೀಲು ಸುತ್ತುತ್ತಿದ್ದಳು. ಪಕ್ಕದ ಹೊಲದವನೊಬ್ಬ ಅವಳ ನಂಬರು ಕೇಳುತ್ತ ನಿಂತಿದ್ದ. ನಾನು ಕುಂಚಿಗೆಯ ಬಿಚ್ಚಿದ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ.

“ಲಕ್ಷ್ಮಿಬಾಯಿ, ಒಣರೊಟ್ಟಿ ಚೂರ ಐತೇನ್ರಿ? ಸೂಜಿ ನಂದ ಐತಿ.”